ಡೋಲು ಬಾರಿಸು ಮಗಾ, ಸೊಪ್ಪು ಉಡಬೇಡ

ಪ್ರೀತಿಯ ಮಗನಿಗೆ ಬದಿಯಡ್ಕದಿಂದ ದೊಡ್ಡಮ್ಮನ ಆಶೀರ್ವಾದ.

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ರೆಸಾರ್ಟಿನವರು ಒಳ್ಳೆ ದುಡ್ಡು ಕೊಡ್ತಾರಂತೆ, ಫಾರಿನ್ ಗೆಸ್ಟುಗಳ ಎದುರು ಡೋಲು ಬಾರಿಸ್ಬೇಕಂತೆ, ಆದ್ರೆ ಪ್ಯಾಂಟು ಶರ್ಟು ಬೇಡ, ಸೊಪ್ಪು ಕಟ್ಕೊಂಡು ಬನ್ನಿ ಅಂದ್ರಂತೆ. ಅದಕ್ಕೆ ಮಾತ್ರ ಒಪ್ಪಬೇಡ ಮಗಾ. ನಮ್ಮ ಕೊರಗ ಬುಡಕಟ್ಟಿನ ಹಿರಿಯರು ಸೊಪ್ಪು ಉಟ್ಟದ್ದು ಚಂದಕ್ಕಲ್ಲ, ಅದರ ಹಿಂದೆ ಇರುವುದು ಬಡತನ ಮತ್ತು ಅವಮಾನ.

ಅಜಲು ಅಂದ್ರೆ ಎಂತ ಅಂತ ನಿನ್ನ ಪ್ರಾಯದವರಿಗೆ ಸರಿ ಗೊತ್ತಿಲ್ಲ. ಉಗುರು, ಕೂದಲು ಬೆರೆಸಿದ ಅನ್ನ ಕೊರಗರಿಗೆ ತಿನ್ನಿಸಿ ತಮ್ಮ ಮನೆಯ ಪೀಡೆ ಹೋಯ್ತು ಅಂದ್ಕೊಳ್ತಿದ್ರು, ಕಂಬಳಕ್ಕೆ ಮೊದಲು ನಮ್ಮವರನ್ನು ಗದ್ದೆಯಲ್ಲಿ ಓಡಿಸ್ತಿದ್ರು, ರಾತ್ರಿಯಿಡೀ ಡೋಲು ಬಾರಿಸಿಸ್ತಿದ್ರು. ಕೇರಳ ಗಡಿಯ ತಲಪಾಡಿ ಆಚೆ ಕರ್ನಾಟಕದಲ್ಲಿ ಅದನ್ನು ನಿಲ್ಲಿಸ್ಲಿಕ್ಕೆ 2000ದಲ್ಲಿ ಪ್ರತ್ಯೇಕ ಕಾನೂನೇ ತರಬೇಕಾಯ್ತು. ಹಳೇದೆಲ್ಲ ಉಳೀಬೇಕು ಅಂತ ನಾನು ಯಾವತ್ತೂ ಹೇಳಿದವಳಲ್ಲ. ಆದ್ರೆ ಯಾವುದು ಇಟ್ಕೊಳ್ಳುವುದು, ಯಾವುದು ಬಿಡುವುದು ಅಂತ ಮೊದಲು ಊರಿನ ಧಣಿಗಳು ಹೇಳ್ತಿದ್ರು, ಈಗ ಈವೆಂಟ್ ಮ್ಯಾನೇಜರ್ ಹೇಳುವುದಾದ್ರೆ ನಮಗೆ ಎಂತ ಬದಲಾದ ಹಾಗಾಯ್ತು? ಡೋಲು, ಕೊಳಲು ಎರಡೂ ತರ್ತೇವೆ, ಬಟ್ಟೆ ನಮ್ಮಿಷ್ಟ ಅಂತ ಫೋನ್ ಮಾಡಿ ಹೇಳು. ಒಪ್ಪದಿದ್ರೆ ಆ ದುಡ್ಡು ಬೇಡ.

ನಾವು ಹೆಣೆಯುವ ಬುಟ್ಟಿ ವಿಷಯ ಬೇರೆ, ಅದಕ್ಕೆ ಮಾರ್ಕೆಟ್ ಬೇಕು. ಪ್ಲಾಸ್ಟಿಕ್ ಬಂದ ಮೇಲೆ ಪೇಟೆಯಲ್ಲಿ ನಮ್ಮದನ್ನು ಕೇಳುವವರು ಕಮ್ಮಿ, ಬಳ್ಳಿ ತರ್ಲಿಕ್ಕೆ ಹೋದ್ರೆ ಗುಡ್ಡೆ ಪೂರಾ ರಬ್ಬರ್. ನಿನ್ನ ಅಮ್ಮ ಕತ್ತಿಯ ಹಿಡಿಯನ್ನು ಪಾದದಡಿ ಒತ್ತಿಟ್ಟು ಬಳ್ಳಿಯನ್ನೇ ಎಳೆದು ಸೀಳ್ತಾಳಲ್ಲ, ತುದಿಯವರೆಗೂ ದಪ್ಪ ತೆಳು ಆಗುವುದಿಲ್ಲ, ಅದನ್ನು ವೀಡಿಯೋ ಮಾಡು, ಆನ್‌ಲೈನಲ್ಲಿ ಮಾರು, ರೇಟ್ ಅವಳೇ ಹೇಳ್ಲಿ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬಿದಿರು, ಬೆತ್ತ ತರುವ ಹಕ್ಕು ಬುಡಕಟ್ಟಿನವರಿಗೆ ಉಂಟು, ಇಲ್ಲಿಯವರಿಗೆ ಅರ್ಜಿ ಬರೀಲಿಕ್ಕೆ ಧೈರ್ಯ ಇಲ್ಲ, ಓದಿದವನು ನೀನು ಬಂದು ಕೂತು ಬರೆದುಕೊಡು.

ನನಗೆ ಜಾಸ್ತಿ ಬೇಜಾರು ಇರುವುದು ಭಾಷೆಯದ್ದು. ಮಂಗಳೂರಲ್ಲಿ ನಿನ್ನ ಮಗಳಿಗೆ ಶಾಲೆಯಲ್ಲಿ ಇಂಗ್ಲಿಷ್, ಹೊರಗೆ ತುಳು ಕನ್ನಡ, ಮೊಬೈಲಲ್ಲಿ ಹಿಂದಿ, ಎಲ್ಲ ಬರ್ತದೆ, ಕೊರಗ ಭಾಷೆ ಮಾತ್ರ ಬರುವುದಿಲ್ಲ. ಪುಸ್ತಕದಿಂದ ಕಲಿಸುವ ಅಂದ್ರೆ ನಮಗೆ ಲಿಪಿ ಇಲ್ಲ, ಮನೆಯಲ್ಲಿ ಮಾತಾಡಿದ್ರೆ ಉಂಟು ಇಲ್ಲದಿದ್ರೆ ಇಲ್ಲ. ದಸರಾ ರಜೆಗೆ ಅವಳನ್ನು ಇಲ್ಲಿ ಬಿಟ್ಟು ಹೋಗು. ಅಷ್ಟೂ ದಿನ ನಾನು ಅವಳ ಹತ್ರ ಬೇರೆ ಭಾಷೆ ಮಾತಾಡುವುದಿಲ್ಲ, ಮೊದಲೇ ಹೇಳಿದ್ದೇನೆ ಆಯ್ತಾ.

ನಿನ್ನ ದೊಡ್ಡಮ್ಮ