ಬೇವಿನ ತರಗೆಲೆಗೆ ಬೆಂಕಿ ಬೇಡ, ಗಿಡದ ಬುಡಕ್ಕೆ ಹೊದಿಸೋಣ

ಸಂಪಾದಕರಿಗೆ,

ಮಾನ್ಯರೇ,

ವಸಂತ ಕಾಲಿಟ್ಟಿತೆಂದರೆ ಪತ್ರಿಕೆಗಳ ಪುರವಣಿಗಳಲ್ಲಿ ಕೈತೋಟದ ಲೇಖನಗಳು ಬರತೊಡಗುತ್ತವೆ. ಅವುಗಳನ್ನು ನಾನು ತಪ್ಪದೆ ಓದುತ್ತೇನೆ. ಆದರೆ ಗುಲಾಬಿಯ ರೆಂಬೆಗಳನ್ನು ಗಿಡ್ಡವಾಗಿ ಕತ್ತರಿಸಿ, ಕುಂಡದ ಮಣ್ಣು ಬದಲಿಸಿ, ಹೊಸ ಸಸಿಗಳನ್ನು ನೆಡಿ ಎಂದು ಅಲ್ಲಿ ಕೊಡುವ ಸಲಹೆಗಳು ಬೆಂಗಳೂರು, ಮೈಸೂರು ಅಥವಾ ಮಲೆನಾಡಿನ ಹವೆಗೆ ಒಗ್ಗುವಂಥವೇ ಹೊರತು ರಾಯಚೂರಿಗೆ ಒಗ್ಗುವುದಿಲ್ಲ. ಮಾರ್ಚ್ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಬಂದಿರುತ್ತದೆ; ಏಪ್ರಿಲ್, ಮೇ ತಿಂಗಳುಗಳಲ್ಲಿ ಅದನ್ನೂ ದಾಟುತ್ತದೆ. ಹೀಗಾಗಿ ಶಿವರಾತ್ರಿಯಿಂದ ಯುಗಾದಿಯವರೆಗಿನ ಕೆಲವೇ ವಾರಗಳನ್ನು ನಾವು ಮುಂಬರುವ ಉರಿಬಿಸಿಲಿಗೆ ತೋಟವನ್ನು ಅಣಿಗೊಳಿಸಲು ಬಳಸಿಕೊಳ್ಳಬೇಕಾಗುತ್ತದೆ.

ಸರಿಯಾಗಿ ಇದೇ ವಾರಗಳಲ್ಲಿ ಊರಿನ ಬೇವಿನ ಮರಗಳು ಎಲೆ ಉದುರಿಸುತ್ತವೆ. ಅಂಗಳ, ಮಾಳಿಗೆ, ಓಣಿ ಎಲ್ಲೆಲ್ಲೂ ಹಳದಿ ಎಲೆಯ ರಾಶಿ ಬೀಳುತ್ತದೆ. ಬೆಳಿಗ್ಗೆ ಗುಡಿಸಿದ ಆ ಎಲೆಯನ್ನು ರಸ್ತೆಯ ಅಂಚಿಗೆ ತಳ್ಳಿ ಕಡ್ಡಿ ಗೀರುವುದು ನಮ್ಮ ಬಡಾವಣೆಗಳಲ್ಲಿ ರೂಢಿಯೇ ಆಗಿಬಿಟ್ಟಿದೆ. ಉಬ್ಬಸದವರಿಗೂ ಹಸುಗೂಸುಗಳಿಗೂ ಆ ಹೊಗೆಯಿಂದ ಎಷ್ಟು ಕಷ್ಟವಾಗುತ್ತದೆಂಬುದು ಎಲ್ಲರಿಗೂ ಗೊತ್ತಿದೆ. ತ್ಯಾಜ್ಯವನ್ನು ಬೀದಿಯಲ್ಲಿ ಸುಡಬಾರದು, ತೋಟದ ಕಸವನ್ನು ಅವರವರ ಆವರಣದಲ್ಲೇ ಬೇರೆಯಾಗಿ ಕೂಡಿಡಬೇಕು ಎಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿಯೇ ಹೇಳಲಾಗಿತ್ತು. ನಿಯಮದ ಮಾತು ಹಾಗಿರಲಿ, ಬೇಸಿಗೆಯಲ್ಲಿ ಗಿಡಗಳನ್ನು ಉಳಿಸಿಕೊಳ್ಳಲು ಪುಕ್ಕಟೆಯಾಗಿ ಒದಗುವ ವಸ್ತುವನ್ನು ಫಾಲ್ಗುಣದಲ್ಲಿ ಸುಟ್ಟು, ಚೈತ್ರ ವೈಶಾಖಗಳಲ್ಲಿ ಕೊಡ ಹಿಡಿದುಕೊಂಡು ಗಿಡಗಳಿಗೆ ನೀರು ಸಾಲುತ್ತಿಲ್ಲವೆಂದು ಕೊರಗುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕೃಷ್ಣಾ ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿನ ಬಹುಭಾಗ ಎರೆಮಣ್ಣು. ನೀರು ಕುಡಿದಾಗ ಉಬ್ಬುವ, ಒಣಗಿದಾಗ ಕುಗ್ಗಿ ಬಿರಿಯುವ ಮಣ್ಣು ಇದು. ಒಮ್ಮೆ ಬಿರುಕು ಬಿಟ್ಟರೆ ಮೇಲ್ಪದರವಷ್ಟೇ ಅಲ್ಲದೆ ಆಳದ ತೇವವೂ ಆ ಬಿರುಕುಗಳ ಮೂಲಕ ಹಾರಿಹೋಗುತ್ತದೆ, ಎಳೆಯ ಬೇರುಗಳು ಹರಿಯುತ್ತವೆ. ನಮ್ಮ ರೈತರು ಹಿಂಗಾರಿ ಜೋಳದ ಸಾಲುಗಳ ನಡುವೆ ಎಡೆ ಹೊಡೆಯುವುದು ಕಳೆ ತೆಗೆಯುವುದಕ್ಕಷ್ಟೇ ಅಲ್ಲ, ಈ ಬಿರುಕುಗಳನ್ನು ಮುಚ್ಚಿ ತೇವ ಕಾಯುವುದಕ್ಕೂ ಹೌದು. ಕೈತೋಟದಲ್ಲೂ ಇದೇ ಕೆಲಸವನ್ನು ಕುರ್ಪಿಯಿಂದ ಮಾಡಬೇಕು. ಎರಡು ಮೂರು ಬೆರಳಿನಷ್ಟು ಆಳಕ್ಕೆ ಮೇಲ್ಮಣ್ಣನ್ನು ಸಡಿಲಿಸಿ, ಹೆಂಟೆ ಒಡೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ತೆಳ್ಳಗೆ ಹರಡಿ, ತುಂಬಾ ನೀರು ಹಾಯಿಸಿ, ಅದರ ಮೇಲೆ ತರಗೆಲೆಯನ್ನು ಒಂದು ಗೇಣಿಗಿಂತ ತುಸು ಕಡಿಮೆ ದಪ್ಪಕ್ಕೆ ಹೊದಿಸಬೇಕು. ಕೆಲವೇ ದಿನಗಳಲ್ಲಿ ಅದು ಕುಸಿದು ಮೂರು ನಾಲ್ಕು ಬೆರಳಷ್ಟಾಗುತ್ತದೆ. ಬೇವಿನ ಎಲೆ ಸಣ್ಣದಾದ್ದರಿಂದ ಗಾಳಿಗೆ ಹಾರಿಹೋಗುತ್ತದೆ. ಹೊದಿಸಿದ ಕೂಡಲೇ ನೀರು ಚಿಮುಕಿಸಿ, ಮೇಲೆ ಎಲೆಯ ಒಣ ಕಡ್ಡಿಗಳನ್ನಾಗಲಿ ಹಳೆಯ ಗೋಣಿಚೀಲವನ್ನಾಗಲಿ ಹಾಸಿದರೆ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಹೀಗೆ ಹೊದಿಸಿದ ಮಲ್ಲಿಗೆಯ ಪಾತಿಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಎಲೆ ಸರಿಸಿ ನೋಡಿದರೆ ಕೆಳಗಿನ ಮಣ್ಣು ಬೆರಳಿಗೆ ಅಂಟುವಷ್ಟು ತಂಪಾಗಿರುತ್ತದೆ, ಒಂದೆರಡು ಎರೆಹುಳುಗಳೂ ಕಾಣುತ್ತವೆ. ಅಲ್ಲಿಂದ ಒಂದು ಮಾರು ದೂರದ ಬರಿ ನೆಲದ ಬಿರುಕಿನಲ್ಲಿ ಹೆಬ್ಬೆರಳು ಇಳಿಯುತ್ತದೆ.

ಎಲೆ ಹರಡಿದರೆ ಗೆದ್ದಲು ಹತ್ತುತ್ತದೆ, ಚೇಳು ಹಾವು ಸೇರಿಕೊಳ್ಳುತ್ತವೆ ಎಂದು ಅನೇಕರು ಹಿಂಜರಿಯುತ್ತಾರೆ. ಇದು ತಳ್ಳಿಹಾಕುವ ಮಾತಲ್ಲ. ಕಾಂಡದ ಸುತ್ತ ನಾಲ್ಕು ಬೆರಳು ಜಾಗ ಬಿಟ್ಟು ಹೊದಿಸಿದರೆ ಗೆದ್ದಲು ತೊಗಟೆಗೆ ಏರುವುದನ್ನು ಮೊದಲೇ ಗುರುತಿಸಬಹುದು. ಮೂಲೆಯಲ್ಲಿ ರಾಶಿ ಹಾಕಿ ಮರೆತುಬಿಟ್ಟ ಕಸದಲ್ಲಿ ಹುಳುಹುಪ್ಪಟೆ ಸೇರುವಷ್ಟು ತೆಳುವಾಗಿ ಹರಡಿದ ಹೊದಿಕೆಯಲ್ಲಿ ಸೇರುವುದಿಲ್ಲ. ಆದರೂ ಬರಿಗೈ ಹಾಕದೆ ಕೋಲಿನಿಂದ ಎಲೆ ಸರಿಸುವುದು ಒಳ್ಳೆಯದು. ಇನ್ನೊಂದು ಎಚ್ಚರಿಕೆಯೂ ಬೇಕು: ಒಣ ಎಲೆಯನ್ನು ಕಳಿಯುವ ಮೊದಲೇ ಮಣ್ಣಿನೊಳಗೆ ಬೆರೆಸಬಾರದು. ಅದು ಕಳಿಯುವಾಗ ಮಣ್ಣಿನ ಸಾರಜನಕವನ್ನು ಹೀರಿಕೊಳ್ಳುವುದರಿಂದ ಗಿಡ ಹಳದಿಗಟ್ಟುತ್ತದೆ. ಹೊದಿಕೆಗೆ ಮಿಕ್ಕ ಎಲೆಯನ್ನು ಗುಂಡಿಯಲ್ಲಿ ಹಾಕಿ, ನಡುನಡುವೆ ಸಗಣಿ ರಾಡಿ ಮತ್ತು ಹಿಡಿ ಮಣ್ಣು ಎರಚಿ, ಆಗಾಗ ನೀರು ಚಿಮುಕಿಸುತ್ತಿದ್ದರೆ ಮುಂಗಾರಿನ ಹೊತ್ತಿಗೆ ಗೊಬ್ಬರ ಬಳಕೆಗೆ ಬರುತ್ತದೆ. ಬೇವಿನ ಮರ ಇಲ್ಲದವರು ಶೇಂಗಾ ಸಿಪ್ಪೆ, ಭತ್ತದ ಹೊಟ್ಟು, ಒಣಹುಲ್ಲನ್ನು ಬಳಸಬಹುದು. ಸಿಂಧನೂರು, ಮಾನ್ವಿ ಕಡೆ ಇವು ಸಿಗದ ಊರಿಲ್ಲ.

ಇನ್ನು ಕತ್ತರಿಯ ವಿಚಾರ. ನಮ್ಮ ಸೀಮೆಯಲ್ಲಿ ಗುಲಾಬಿಯನ್ನು ಗಿಡ್ಡವಾಗಿ ಕತ್ತರಿಸುವ ಕಾಲ ಮಳೆ ನಿಂತ ಮೇಲಿನ ಅಕ್ಟೋಬರ್–ನವೆಂಬರ್. ಮಾರ್ಚಿನಲ್ಲಿ ಕತ್ತರಿಸಿದರೆ ಹೊರಡುವ ಎಳೆಚಿಗುರು ಬಿಸಿಲಿಗೆ ಸುಟ್ಟು ಕಪ್ಪಾಗುತ್ತದೆ. ಈಗ ಬಾಡಿದ ಹೂ ಮತ್ತು ಒಣ ಕಡ್ಡಿ ತೆಗೆದರೆ ಸಾಕು. ದುಂಡುಮಲ್ಲಿಗೆಗೂ ಇದೇ ಮಾತು. ಅದನ್ನು ಚಳಿಗಾಲದಲ್ಲೇ ಸವರಿರಬೇಕು. ಮೊಗ್ಗು ಕಟ್ಟುವ ಈ ಕಾಲದಲ್ಲಿ ಅದಕ್ಕೆ ಬೇಕಾದದ್ದು ಗೊಬ್ಬರ ಮತ್ತು ನೀರು. ದಾಸವಾಳದ ತುದಿಚಿಗುರು ಮುದುರಿಕೊಂಡು ಬಿಳಿ ಬೂಷ್ಟು ಹಿಡಿದಂತೆ ಕಂಡರೆ ಅದು ಹಿಟ್ಟುತಿಗಣೆ. ಬಿಸಿಲೇರಿದಂತೆ ಅದು ಬಲು ಬೇಗ ಹಬ್ಬುತ್ತದೆ. ಆ ತುದಿಗಳನ್ನು ಕತ್ತರಿಸಿ ತೆಗೆದು, ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ ಮತ್ತು ಚೂರು ಸೋಪಿನ ನೀರು ಕಲಸಿ ಸಂಜೆ ಹೊತ್ತು ಸಿಂಪಡಿಸಬೇಕು. ಬಿಸಿಲಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ. ನಿಂಬೆಯ ಪಾತಿಯನ್ನು ಕಾಂಡಕ್ಕೆ ಒತ್ತಿ ಮಾಡದೆ, ರೆಂಬೆಗಳ ನೆರಳು ಬೀಳುವ ಅಂಚಿನವರೆಗೆ ಅಗಲ ಮಾಡಬೇಕು. ನೀರು ಹೀರುವ ಬೇರುಗಳು ಅಲ್ಲಿರುತ್ತವೆ, ಅಲ್ಲದೆ ಕಾಂಡದ ಸುತ್ತ ನೀರು ನಿಂತರೆ ಅಂಟು ಸೋರುವ ರೋಗ ಬರುತ್ತದೆ. ಹೂ, ಹೀಚು ಹಿಡಿದಿರುವಾಗ ಒಂದು ವಾರ ಒಣಗಿಸಿ ಮರುವಾರ ತುಂಬಿಸಿದರೆ ಹೀಚೆಲ್ಲ ಉದುರುತ್ತದೆ.

ನೀರಿನ ಬಗ್ಗೆ ಒಂದು ಮಾತು ಹೇಳದಿದ್ದರೆ ಈ ಪತ್ರ ಬರೆದು ಪ್ರಯೋಜನವಿಲ್ಲ. ನಮ್ಮಲ್ಲಿ ಹೆಚ್ಚಿನ ಮನೆಗಳ ಕೊಳವೆಬಾವಿಯ ನೀರು ಗಡಸು. ದಿನವೂ ಸ್ವಲ್ಪಸ್ವಲ್ಪ ಹಾಕುತ್ತಾ ಬಂದರೆ ನೀರು ಆವಿಯಾಗಿ ಉಪ್ಪು ಮಾತ್ರ ಮೇಲುಳಿದು, ಕುಂಡದ ಅಂಚಿನಲ್ಲಿ ಬಿಳಿ ಪದರ ಕಟ್ಟುತ್ತದೆ, ಎಲೆಯ ತುದಿಗಳು ಕರಕಲಾಗುತ್ತವೆ. ಇದನ್ನು ನೀರಿನ ಕೊರತೆಯೆಂದೇ ತಿಳಿದು ಮತ್ತೆ ಅದೇ ನೀರನ್ನು ಹಾಕುವವರು ಬಹಳ. ಕುಡಿಯುವ ನೀರಿನ ಆರ್‌ಓ ಯಂತ್ರ ಶುದ್ಧೀಕರಿಸಿ ಹೊರಬಿಡುವ ತ್ಯಾಜ್ಯ ನೀರಂತೂ ಇನ್ನೂ ಉಪ್ಪು. ಪೋಲಾಗಬಾರದೆಂಬ ಸದುದ್ದೇಶದಿಂದ ಅದನ್ನು ಕುಂಡಗಳಿಗೆ ಸುರಿಯುವ ಪದ್ಧತಿ ಹೆಚ್ಚುತ್ತಿದೆ. ದಯವಿಟ್ಟು ಅದನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ಅಕ್ಕಿ, ಕಾಯಿಪಲ್ಲೆ ತೊಳೆದ ನೀರು ಕುಂಡಗಳಿಗೆ ಯೋಗ್ಯ. ನಲ್ಲಿಯ ನದಿನೀರು ಬಂದ ದಿನ ಕುಂಡದ ತಳದ ತೂತಿನಿಂದ ಹರಿದುಹೋಗುವಷ್ಟು ಧಾರಾಳವಾಗಿ ಒಮ್ಮೆ ಹಾಕಿದರೆ ಕೂಡಿದ ಉಪ್ಪು ತೊಳೆದುಹೋಗುತ್ತದೆ.

ಮಾಳಿಗೆಯ ಮೇಲಿನ ಕುಂಡಗಳನ್ನು ಈಗಲೇ ಮಧ್ಯಾಹ್ನದ ನಂತರ ನೆರಳು ಬೀಳುವಂತೆ ಗೋಡೆಯ ಪೂರ್ವ ಬದಿಗೆ ಒತ್ತಾಗಿ ಜೋಡಿಸಿ, ಮೇಲೆ ಹಸಿರು ನೆರಳು ಪರದೆ ಕಟ್ಟಬೇಕು. ಪಲ್ಲೆಗಳಲ್ಲಿ ಪುಂಡಿ, ರಾಜಗಿರಿ, ಚವಳಿಕಾಯಿ, ಬೆಂಡೆ ಈ ಬಿಸಿಲನ್ನು ತಾಳುತ್ತವೆ. ಕೊತ್ತಂಬರಿ, ಮೆಂತ್ಯಕ್ಕೆ ನೆರಳಿಲ್ಲದೆ ಆಗದು.

ನನ್ನ ಕೋರಿಕೆ ಇಷ್ಟು. ಎಲೆ ಉದುರುವ ಈ ಕೆಲವು ವಾರಗಳ ಮಟ್ಟಿಗಾದರೂ ಸ್ಥಳೀಯ ಸಂಸ್ಥೆಯವರು ವಾರದ ಒಂದು ದಿನ ತರಗೆಲೆಯನ್ನು ಬೇರೆಯಾಗಿ ಸಂಗ್ರಹಿಸಿ ಉದ್ಯಾನಗಳ ಗಿಡಗಳಿಗೆ ಹೊದಿಸಲಿ, ಬೇಕೆಂದ ಮನೆಗಳಿಗೂ ಕೊಡಲಿ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ, ಕೃಷಿ ವಿಜ್ಞಾನ ಕೇಂದ್ರ ಮತ್ತು ತೋಟಗಾರಿಕೆ ಇಲಾಖೆಯ ತಜ್ಞರು ಹೊಲ ತೋಟಗಳ ಜೊತೆಗೆ ಮನೆಯಂಗಳದ ಮಣ್ಣು ನೀರಿನ ಬಗೆಗೂ ತಿಳಿವಳಿಕೆ ನೀಡಲಿ. ತಾವು ಕೂಡ ರಾಯಚೂರು, ಕೊಪ್ಪಳ, ಬಳ್ಳಾರಿಯ ಓದುಗರಿಗಾಗಿ ಈ ಹವೆಗೆ ಹೊಂದುವ ಕೈತೋಟದ ಅಂಕಣವೊಂದನ್ನು ಪ್ರತಿವರ್ಷ ಶಿವರಾತ್ರಿಗೆ ಮೊದಲೇ ಆರಂಭಿಸಬೇಕೆಂದು ವಿನಂತಿಸುತ್ತೇನೆ. ಯುಗಾದಿಯ ನಂತರ ಬಂದರೆ ಆ ಹೊತ್ತಿಗೆ ಎಲೆಯೂ ಬೂದಿಯಾಗಿರುತ್ತದೆ, ಮಣ್ಣೂ ಬಿರಿದಿರುತ್ತದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ರಾಯಚೂರು