ಮದ್ದು ಸಿಡಿಯುವುದಿಲ್ಲ, ಉರಿಯುತ್ತದೆ

ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಫಿರಂಗಿ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ‘ಮದ್ದು ಒಮ್ಮೆಲೇ ಸ್ಫೋಟಗೊಂಡು ಶೆಲ್ ಚಿಮ್ಮುತ್ತದೆ’ ಅಂತ ಬರೆದಿದ್ದೀರಲ್ಲ, ಅದು ತಪ್ಪು. ನಾನು ಹದಿನೇಳು ವರ್ಷ ಫಿರಂಗಿ ದಳದಲ್ಲಿದ್ದವನು. ಶೆಲ್, ಅಂದರೆ ಫಿರಂಗಿಯ ಗುಂಡನ್ನು ದಬ್ಬಲು ಅದರ ಹಿಂದೆ ತುಂಬುವ ಆ ಮದ್ದು ನಿಜವಾಗಿ ಸ್ಫೋಟಿಸಿದ್ದರೆ ಈ ಪತ್ರ ಬರೆಯಲು ನಾನೇ ಇರುತ್ತಿರಲಿಲ್ಲ.

ಮದ್ದು ಉರಿಯುತ್ತದೆ, ಅಷ್ಟೇ. ಅದೂ ಹೊರಮೈಯಿಂದ ಒಳಕ್ಕೆ, ಪದರ ಪದರವಾಗಿ. ಫ್ರಾನ್ಸಿನ ಫಿರಂಗಿ ದಳದ ಅಧಿಕಾರಿ ಪಿಯೋಬೇರ್ ಇದನ್ನು 1839ರಲ್ಲೇ ಹೇಳಿದ್ದ. ದೊಡ್ಡ ಫಿರಂಗಿಯ ಮದ್ದಿನ ಕಾಳು ನೋಡಿದ್ದೀರಾ? ಸಣ್ಣ ಕಡ್ಡಿ ತುಂಡಿನ ಹಾಗಿರುತ್ತದೆ, ಉದ್ದಕ್ಕೂ ಏಳು ತೂತು. ಹೊರಗಿನಿಂದ ಕಾಳು ಸವೆಯುತ್ತಾ ಹೋದರೆ ಒಳಗೆ ತೂತುಗಳು ಅಗಲವಾಗುತ್ತಾ ಹೋಗುತ್ತವೆ, ಹಾಗಾಗಿ ಉರಿಯುವ ಮೈ ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತದೆ, ಶೆಲ್ ನಳಿಗೆಯಲ್ಲಿ ಮುಂದೆ ಹೋದಂತೆಲ್ಲ ಹಿಂದಿನಿಂದ ದಬ್ಬುವ ಬಲ ಸಿಗುತ್ತಲೇ ಇರುತ್ತದೆ.

ಕಷ್ಟ ಇರುವುದು ಇಷ್ಟೂ ಕಾಳಿಗೆ ಒಟ್ಟಿಗೆ ಬೆಂಕಿ ಹತ್ತಿಸುವುದರಲ್ಲಿ. ಒಲೆಯಲ್ಲಿ ಸೌದೆಯನ್ನು ಸಂದಿ ಬಿಟ್ಟು ಜೋಡಿಸುತ್ತೇವೆ ಅಲ್ವಾ, ಇಲ್ಲೂ ಜ್ವಾಲೆ ಓಡುವುದು ಸಂದಿಯಲ್ಲೇ. ಬುಡದಲ್ಲಿ ಮಾತ್ರ ಹತ್ತಿಕೊಂಡರೆ ಅಲ್ಲಿನ ಬಿಸಿ ಅನಿಲ ಮುಂದಿನ ಕಾಳುಗಳನ್ನು ಶೆಲ್ಲಿನ ಬೆನ್ನಿಗೆ ಒತ್ತಿ ಪುಡಿ ಮಾಡುತ್ತದೆ. ಪುಡಿಯಾದರೆ ಉರಿಯುವ ಮೈ ಏಕಾಏಕಿ ಹೆಚ್ಚುತ್ತದೆ. ಒತ್ತಡ ಅಲೆಯಂತೆ ಹಿಂದಕ್ಕೂ ಮುಂದಕ್ಕೂ ಬಡಿಯುತ್ತದೆ. ನಳಿಗೆ ಸೀಳಿದರೂ ಸೀಳಬಹುದು. ಒಮ್ಮೆ ಫೈರ್ ಕೊಟ್ಟ ಮೇಲೆ ‘ಢಂ’ ಅನ್ನಲು ಅರೆಗಳಿಗೆ ತಡವಾಯಿತು ನೋಡಿ, ನಮ್ಮ ತಂಡದಲ್ಲಿ ಯಾರೂ ಉಸಿರು ಬಿಡಲಿಲ್ಲ.

ಅದಕ್ಕೇ ಎಷ್ಟೋ ಫಿರಂಗಿಗಳಲ್ಲಿ ಮದ್ದಿನ ನಡುವೆ ಉದ್ದಕ್ಕೂ ಒಂದು ಕೊಳವೆ ಇಟ್ಟು ಅದರಲ್ಲಿ ಕರಿಮದ್ದು ತುಂಬುತ್ತಾರೆ. ನಮ್ಮೂರ ಕೇಪಿನ ಕೋವಿಗೆ ಹಾಕುವ ಅದೇ ಹಳೇ ಮದ್ದು! ಹೊಗೆ ಇಲ್ಲದ ಮದ್ದು 1884ರಲ್ಲೇ ಬಂದರೂ ಇದನ್ನು ಬಿಟ್ಟಿಲ್ಲ. ಕಾರಣ ಆ ಹೊಗೆಯಲ್ಲೇ ಇದೆ. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಜಾಸ್ತಿ ಭಾಗ ಅನಿಲವಾಗುವುದಿಲ್ಲ, ಕೆಂಡದಂಥ ಕಣಗಳಾಗಿ ಹಾರುತ್ತದೆ. ಅವು ಕಾಳಿನ ಮೇಲೆ ಅಂಟಿ ಕೂತು ಬೆಂಕಿ ಹಚ್ಚುತ್ತವೆ. ಬರೀ ಬಿಸಿ ಅನಿಲದಿಂದ ಅಷ್ಟು ಚೆನ್ನಾಗಿ ಹತ್ತುವುದಿಲ್ಲ.

ಸ್ಫೋಟಿಸುವುದು ಶೆಲ್ಲಿನ ಹೊಟ್ಟೆಯೊಳಗಿನ ಮದ್ದು, ಅದೂ ಗುರಿಯ ಹತ್ತಿರ. ಅದು ಬೇರೆಯದೇ ಜಾತಿ. ಅಂದಹಾಗೆ, ಚಿತ್ರದ ಕೆಳಗೆ ‘ಶೆಲ್‌ಗಳು’ ಅಂತ ಹಾಕಿದ್ದೀರಿ. ಅವು ಮದ್ದಿನ ಚೀಲಗಳು.

– ನಿವೃತ್ತ ಹವಾಲ್ದಾರ್, ಹಾಸನ