ಜಿಲ್ಲೆಗೆ ಮಕ್ಕಳ ಯೂರಾಲಜಿ ಕ್ಲಿನಿಕ್, ಶಾಲೆಯ ಬಾಗಿಲಿಗೆ ಒಂದು ಚಿಲಕ

ಮಾನ್ಯ ಸಂಪಾದಕರೇ,

ರಾಯಚೂರಿಗೆ ಏಮ್ಸ್ ಬೇಕು ಎಂದು 2022ರ ಮೇ ತಿಂಗಳಲ್ಲಿ ಶುರುವಾದ ಹೋರಾಟದ ಸುದ್ದಿಯನ್ನು ನಾನು ತಪ್ಪದೆ ಓದುತ್ತೇನೆ. ನಮ್ಮ ಜಿಲ್ಲೆಗೆ ಅದು ಬೇಕೇ ಬೇಕು. ಆದರೆ ಅದು ಬರುವ ತನಕ ಕಾಯಲಾಗದ ಕೆಲವು ಮಕ್ಕಳಿದ್ದಾರೆ. ಮೂತ್ರಕೋಶದ ತೊಂದರೆ ಇರುವ ಮಕ್ಕಳು. ಆ ಜಾಗದ ಕಾಯಿಲೆ ಅಲ್ವಾ, ಮನೆಯವರೂ ಬಾಯಿ ಬಿಡುವುದಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ನನ್ನ ಮಗನಿಗೆ ಈಗ ಒಂಬತ್ತು ವರ್ಷ. ಹುಟ್ಟುವಾಗಲೇ ಅವನ ಮೂತ್ರನಾಳದಲ್ಲಿ ತೆಳು ಪೊರೆಯಂಥ ಕವಾಟ ಅಡ್ಡ ಬಂದಿತ್ತು. ಡಾಕ್ಟರುಗಳು ಪಿಯುವಿ ಅಂತಾರೆ. ಗಂಡುಮಕ್ಕಳಿಗೆ ಮಾತ್ರ ಬರುವ ತೊಂದರೆ. ಹೊರಗೆ ಹೋಗಲಾಗದ ಮೂತ್ರ ಹಿಂದಕ್ಕೆ ಒತ್ತುತ್ತದೆ, ಮೂತ್ರಕೋಶದ ಗೋಡೆ ದಪ್ಪಗಾಗುತ್ತದೆ, ಕಿಡ್ನಿ ಊದಿಕೊಳ್ಳುತ್ತದೆ. ಎಷ್ಟೋ ಸಲ ಬಸುರಿಯ ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲೇ ಸುಳಿವು ಸಿಗುತ್ತದೆ. ನಮಗೆ ಸಿಗಲಿಲ್ಲ. ಮಗು ಮುಕ್ಕರಿಯುತ್ತಿತ್ತು, ಮೂತ್ರ ತೊಟ್ಟು ತೊಟ್ಟಾಗಿ ಬರುತ್ತಿತ್ತು, ಪದೇ ಪದೇ ಜ್ವರ. ಊರಿನ ಕ್ಲಿನಿಕ್‌ನಲ್ಲಿ ಪ್ರತಿ ಸಲವೂ ಜ್ವರದ ಸಿರಪ್ ಕೊಟ್ಟು ಕಳಿಸಿದರು. ಕೊನೆಗೆ ಬೆಂಗಳೂರಿನಲ್ಲಿ ಮಕ್ಕಳ ಯೂರಾಲಜಿ ಡಾಕ್ಟರು ಸಣ್ಣ ದುರ್ಬೀನು ಹಾಕಿ ಕವಾಟ ತೆಗೆದರು. ಹೊಟ್ಟೆ ಕೊಯ್ಯಲೇ ಇಲ್ಲ.

ಆಪರೇಷನ್ ಆಯ್ತಲ್ಲ, ಇನ್ನೇನು ಅಂದರು ಎಲ್ಲರೂ. ನಿಜವಾದ ಕೆಲಸ ಶುರುವಾಗುವುದೇ ಆಮೇಲೆ. ಗರ್ಭದಲ್ಲೇ ಗಡುಸಾದ ಮೂತ್ರಕೋಶ ಎಷ್ಟೋ ಮಕ್ಕಳಲ್ಲಿ ಪೂರ್ತಿ ಖಾಲಿಯಾಗುವುದಿಲ್ಲ. ಉಳಿದ ಮೂತ್ರದಿಂದ ಸೋಂಕು, ಒತ್ತಡದಿಂದ ಕಿಡ್ನಿಗೆ ಪೆಟ್ಟು. ನೋವೇ ಇರುವುದಿಲ್ಲ, ಮಗು ಆಡಿಕೊಂಡೇ ಇರುತ್ತದೆ. ಕಿಡ್ನಿ ಹೇಗಿದೆ ಎಂದು ಹೇಳುವ ರಕ್ತದ ಕ್ರಿಯಾಟಿನಿನ್ ಪರೀಕ್ಷೆ, ಬಿಪಿ, ಸ್ಕ್ಯಾನಿಂಗ್ ನೋಡಿಸುತ್ತಿದ್ದರೆ ಮಾತ್ರ ಗೊತ್ತಾಗುವುದು. ಮೀಸೆ ಮೂಡುವ ವಯಸ್ಸಿಗೆ ಕಿಡ್ನಿ ಕೈಕೊಟ್ಟು ಡಯಾಲಿಸಿಸ್‌ಗೆ ಬರುವ ಹುಡುಗರಿದ್ದಾರೆ. ದೊಡ್ಡವರ ಕಿಡ್ನಿ ಕಲ್ಲು, ಪ್ರಾಸ್ಟೇಟ್ ನೋಡುವ ಡಾಕ್ಟರುಗಳು ನಮ್ಮ ಕಡೆಯೂ ಸಿಗುತ್ತಾರೆ. ಮಕ್ಕಳ ಮೂತ್ರಕೋಶ ಬೇರೆಯದೇ ವಿದ್ಯೆ. ಅದಕ್ಕೆ ಸಿಂಧನೂರಿನಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೇ ಹೋಗಬೇಕು. ನಾನು ಮನೆಯಲ್ಲಿ ಬಟ್ಟೆ ಹೊಲಿಯುವವಳು, ಹೋದ ದಿನ ದುಡಿಮೆ ಇಲ್ಲ. ಆಪರೇಷನ್‌ಗಾದರೆ ಸರ್ಕಾರದ ಕಾರ್ಡ್ ಇದೆ, ಬಸ್ಸಿಗೂ ಟ್ಯೂಬಿಗೂ ಏನಿದೆ?

ಟ್ಯೂಬ್ ಅಂದೆ. ಮಗ ಮೂರು ಗಂಟೆಗೊಮ್ಮೆ ಟ್ಯೂಬ್ ಹಾಕಿಕೊಂಡು ಮೂತ್ರ ಖಾಲಿ ಮಾಡಬೇಕು. ಇದಕ್ಕೆ ಸಿಐಸಿ ಅನ್ನುತ್ತಾರೆ. ಸೋಪಿನಲ್ಲಿ ಕೈ ತೊಳೆಯುತ್ತಾನೆ, ಟ್ಯೂಬಿನ ತುದಿಗೆ ಜೆಲ್ಲಿ ಸವರುತ್ತಾನೆ, ಉಸಿರು ಬಿಡುತ್ತಾ ನಿಧಾನಕ್ಕೆ ಒಳಗೆ ಜಾರಿಸುತ್ತಾನೆ. ಧಾರೆ ನಿಂತ ಮೇಲೆ ಕಿಬ್ಬೊಟ್ಟೆ ಮೆತ್ತಗೆ ಒತ್ತಿ ನೋಡಿ ಮೆಲ್ಲಗೆ ಎಳೆದುಕೊಳ್ಳುತ್ತಾನೆ. ಐದು ನಿಮಿಷವೂ ಬೇಡ.

ಮನೆಯಲ್ಲಿ ಇದು ಸಲೀಸು. ಶಾಲೆಯಲ್ಲಿ ಶೌಚಾಲಯದ ಬಾಗಿಲಿಗೆ ಚಿಲಕವೇ ಇರಲಿಲ್ಲ. ಬಿಸಿಯೂಟದ ನಂತರ ಹುಡುಗರೆಲ್ಲ ಅಲ್ಲೇ. ಒಮ್ಮೆ ಯಾರೋ ಬಾಗಿಲು ತಳ್ಳಿದರು. ಆವತ್ತಿನಿಂದ ಶಾಲೆಯಲ್ಲಿ ಟ್ಯೂಬ್ ಹಾಕಿಕೊಳ್ಳುವುದನ್ನೇ ಬಿಟ್ಟ. ಮೂತ್ರ ಬರಬಾರದೆಂದು ನೀರು ಕುಡಿಯುವುದನ್ನೂ ಬಿಟ್ಟ. ಆಮೇಲೆ ಚಳಿ ಜ್ವರ, ಮೂತ್ರದಲ್ಲಿ ಕೀವು, ಮತ್ತೆ ಅಡ್ಮಿಟ್. ಒಂದು ಚಿಲಕ ಇಲ್ಲದ್ದಕ್ಕೆ! ಕೊನೆಗೆ ಅವನ ಕ್ಲಾಸ್ ಟೀಚರೇ ತಮ್ಮ ಕೈಯಿಂದ ದುಡ್ಡು ಹಾಕಿ ಚಿಲಕ ಹಾಕಿಸಿದರು. ಅವರ ಋಣ ನಾನು ತೀರಿಸಲಾರೆ.

ಹೀಗೆ ಟ್ಯೂಬ್ ಹಾಕಿಕೊಳ್ಳಲು ಆಪರೇಷನ್ ಥಿಯೇಟರಿನಂಥ ಶುದ್ಧಿ ಬೇಕಿಲ್ಲ, ಕೈ ಮತ್ತು ಟ್ಯೂಬ್ ಸ್ವಚ್ಛವಿದ್ದರೆ ಸಾಕು ಎಂದು ಅಮೆರಿಕದ ಡಾಕ್ಟರ್ ಲ್ಯಾಪಿಡಿಸ್ 1972ರಲ್ಲೇ ತೋರಿಸಿಕೊಟ್ಟಿದ್ದಾರೆ. ಬೆನ್ನುಹುರಿಯ ದೋಷವಿದ್ದು ಹುಟ್ಟಿದ ಎಷ್ಟೋ ಮಕ್ಕಳ ಕಿಡ್ನಿ ಉಳಿದಿರುವುದೂ ಇದರಿಂದಲೇ. ಸೋಪು, ನೀರು, ಚಿಲಕ. ಇಷ್ಟು ಕೊಡಲಾರದಷ್ಟು ಬಡವರೇ ನಾವು?

ತಿಂಗಳಿಗೆ ಒಂದು ದಿನ ಮಕ್ಕಳ ಯೂರಾಲಜಿ ತಜ್ಞರು ರಾಯಚೂರಿನ ಸರ್ಕಾರಿ ಆಸ್ಪತ್ರೆಗೆ ಬಂದು ಕೂರಲಿ. ಮಧ್ಯದ ತಪಾಸಣೆಯನ್ನು ಇಲ್ಲಿನ ಮಕ್ಕಳ ಡಾಕ್ಟರೇ ಮಾಡಿ ಅವರಿಗೆ ಫೋನಿನಲ್ಲಿ ತಿಳಿಸಬಹುದು. ಟ್ಯೂಬ್, ಜೆಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗಲಿ. ಮಕ್ಕಳ ತೊಂದರೆಗಳನ್ನು ತಪಾಸಣೆಯಲ್ಲಿ ಹುಡುಕಿ ಚಿಕಿತ್ಸೆ ಕೊಡಿಸಲು 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೂಲ ಪಟ್ಟಿಯಲ್ಲಿ 30 ತೊಂದರೆಗಳಿವೆ. ಸೀಳು ತುಟಿ, ಹೃದಯದ ತೊಂದರೆ, ಬೆನ್ನುಹುರಿಯ ದೋಷ ಎಲ್ಲ ಇವೆ, ಮೂತ್ರದ ದಾರಿಯ ಅಡ್ಡಿ ಮಾತ್ರ ಇಲ್ಲ. ಅದನ್ನೂ ಸೇರಿಸಲಿ.

ಇದನ್ನು ಓದುವ ಆಶಾ, ಅಂಗನವಾಡಿ ಅಕ್ಕಂದಿರೇ, ಗಂಡುಮಗು ಹೆತ್ತ ತಾಯಿಯನ್ನು ನೋಡಲು ಹೋದಾಗ ಒಂದು ಮಾತು ಕೇಳಿ: ಮಗುವಿನ ಮೂತ್ರ ಧಾರೆಯಾಗಿ ಬರುತ್ತದಾ, ತೊಟ್ಟಿಕ್ಕುತ್ತದಾ? ತೊಟ್ಟಿಕ್ಕುತ್ತದೆ ಅಂದರೆ ಸಿರಪ್‌ಗೆ ನಿಲ್ಲಿಸಬೇಡಿ, ಆವತ್ತೇ ಸ್ಕ್ಯಾನಿಂಗ್‌ಗೆ ಕಳಿಸಿ.

— ಒಬ್ಬ ತಾಯಿ, ಸಿಂಧನೂರು
(ಮಗನ ಸಲುವಾಗಿ ಹೆಸರು ಹಾಕಬೇಡಿ ಎಂದು ವಿನಂತಿ)